ಒಳಗಿಟ್ಟರೆ ಚಿಕಿತ್ಸೆ, ಹೊರಗೆ ತೊಟ್ಟರೆ ಖರ್ಚು

ಮುಂಬೈನ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಚಿಕಿತ್ಸೆ ಅರಸಿ ಹೋಗುವವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಅಲ್ಲಾಗಲಿ, ಬೆಂಗಳೂರಿನ ಕಿದ್ವಾಯಿಯಲ್ಲಾಗಲಿ, ಕ್ಯಾನ್ಸರ್‌ನಿಂದಾಗಿ ಸ್ತನ ತೆಗೆಸಿಕೊಂಡ ಹೆಣ್ಣುಮಗಳ ಮುಂದೆ ಮೂರು ದಾರಿಗಳಿರುತ್ತವೆ. ಇನ್ನೊಂದು ಶಸ್ತ್ರಚಿಕಿತ್ಸೆಯಿಂದ ಸ್ತನವನ್ನು ಮರುರೂಪಿಸಿಕೊಳ್ಳಬಹುದು. ಒಳಉಡುಪಿನ ಜೇಬಿನಲ್ಲಿ ಕೃತಕ ಸ್ತನವಿಟ್ಟು ತೊಡಬಹುದು. ಎರಡೂ ಬೇಡವೆಂದು ಹಾಗೆಯೇ ಇರಬಹುದು. ಮೂರೂ ಸರಿಯೇ, ಆಯ್ಕೆ ಅವಳದು. ಆದರೆ ಆರೋಗ್ಯ ವಿಮೆಯ ಲೆಕ್ಕ ಬೇರೆ. ಲಕ್ಷಗಳಲ್ಲಿ ಖರ್ಚಾಗುವ ಮೊದಲ ದಾರಿಗೆ ಪಾಲಿಸಿ ಹಣ ಕೊಡುತ್ತದೆ. ಸಾವಿರಗಳಲ್ಲಿ ಮುಗಿಯುವ ಎರಡನೆಯದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಈ ಗೆರೆಯನ್ನು ಎಳೆದದ್ದು ವೈದ್ಯಶಾಸ್ತ್ರವಲ್ಲ. ಆಸ್ಪತ್ರೆಯ ಬಿಲ್ಲು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕಾಯಿಲೆಯೂ ಮುಗಿಯಿತೆಂದು ತಿಳಿದ ಹಳೆಯ ಲೆಕ್ಕಾಚಾರ ಅದನ್ನು ಎಳೆದಿದೆ. ಅದು ಹೇಗೆ ಬಂತೆಂದು ನೋಡಿದರೆ, ಅದನ್ನು ಅಳಿಸುವುದು ಕಷ್ಟವಲ್ಲವೆಂಬುದೂ ತಿಳಿಯುತ್ತದೆ.

ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪಿನ ಜೊತೆ ಬೆಸೆದುಕೊಂಡ ಪರೇಲ್‌ನ ಆಸ್ಪತ್ರೆ ಬಾಗಿಲು ತೆರೆದದ್ದು 1941ರ ಫೆಬ್ರವರಿ 28ರಂದು. ಆ ಕಾಲಕ್ಕೆ ಸ್ತನ ಕ್ಯಾನ್ಸರ್ ಎಂದರೆ ಜಗತ್ತಿನ ಎಲ್ಲೆಡೆ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಹಾಕಿಕೊಟ್ಟ ದಾರಿಯೇ ಗತಿ. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆಯಬೇಕು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಆಯುಷ್ಯ ಕಡಿಮೆಯಾಗದೆಂದು ಬರ್ನಾರ್ಡ್ ಫಿಶರ್ ತಂಡ ಪ್ರಯೋಗದಿಂದ ತೋರಿಸಿಕೊಟ್ಟದ್ದು 1985ರಲ್ಲಿ. ಅಲ್ಲಿಯವರೆಗೆ ಪ್ರಾಣ ಉಳಿಸುವುದೇ ದೊಡ್ಡ ಮಾತು. ಆಮೇಲಿನ ದೇಹದ ಚಿಂತೆ ರೋಗಿಯ ಮನೆಯವರಿಗೆ, ಇಲ್ಲವೇ ದಾನಿಗಳಿಗೆ ಬಿಟ್ಟ ವಿಷಯ. ಅರಿವೆಯ ಉಂಡೆ, ಹತ್ತಿ ತುಂಬಿದ ಚೀಲಗಳಲ್ಲಿ ಹೆಂಗಸರು ತಮ್ಮ ಪಾಡಿಗೆ ತಾವು ದಾರಿ ಕಂಡುಕೊಂಡರು. ದುಡ್ಡಿನ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಇರಬೇಕೆಂದು ಯಾರಿಗೂ ಹೊಳೆಯದ ಕಾಲ ಅದು.

ಹೊಳೆದದ್ದು ಈ ಶಸ್ತ್ರಚಿಕಿತ್ಸೆಯನ್ನು ಅನುಭವಿಸಿದ ಹೆಂಗಸರಿಗೇ. ಸ್ತನ ಕಳೆದುಕೊಂಡ ಟೆರೀಸ್ ಲ್ಯಾಸರ್ 1952ರಲ್ಲಿ ನ್ಯೂಯಾರ್ಕ್‌ನಲ್ಲಿ ಇತರ ರೋಗಿಗಳ ಹಾಸಿಗೆಯ ಬಳಿ ಹೋಗಿ ಧೈರ್ಯ ಹೇಳುವ ಕೆಲಸ ಶುರುಮಾಡಿದರು. ಬಾರ್ಬಿ ಗೊಂಬೆಯನ್ನು ರೂಪಿಸಿದ ರೂತ್ ಹ್ಯಾಂಡ್ಲರ್ 1970ರಲ್ಲಿ ಸ್ತನ ಕಳೆದುಕೊಂಡು, ಅಂಗಡಿಯಲ್ಲಿ ಒಪ್ಪುವಂಥದ್ದು ಸಿಗದೆ, ತಾವೇ ಕೃತಕ ಸ್ತನ ತಯಾರಿಸುವ ಕಂಪನಿ ತೆರೆದರು. ಈಗಿನ ಕೃತಕ ಸ್ತನವನ್ನು ಕೈಯಲ್ಲಿ ಹಿಡಿದರೆ ಅದು ಬರೀ ಅಲಂಕಾರವಲ್ಲವೆಂದು ಗೊತ್ತಾಗುತ್ತದೆ. ತೆಳು ಪದರದೊಳಗೆ ಸಿಲಿಕೋನ್ ಜೆಲ್, ಹನಿಯಾಕಾರ, ಉಳಿದ ಸ್ತನಕ್ಕೆ ಸರಿಸಮವಾಗಿ ತೂಗುವಷ್ಟು ಭಾರ. ಆ ಭಾರವನ್ನು ಜಾರದಂತೆ ಹಿಡಿದಿಡಲು ಒಳಗಡೆ ಜೇಬಿರುವ, ಅಗಲ ಪಟ್ಟಿಯ ಬ್ರಾ ಬೇಕು. ಒಂದಿಲ್ಲದೆ ಇನ್ನೊಂದಿಲ್ಲ. ಅಮೆರಿಕದ ಸಂಸತ್ತು 1998ರಲ್ಲಿ ತಂದ ಕಾನೂನು ಇದನ್ನು ಒಪ್ಪಿಕೊಂಡಿತು: ಸ್ತನ ತೆಗೆಯುವುದಕ್ಕೆ ಹಣ ಕೊಡುವ ಪಾಲಿಸಿ, ಮರುರೂಪಿಸುವ ಶಸ್ತ್ರಚಿಕಿತ್ಸೆಗೂ, ಕೃತಕ ಸ್ತನಕ್ಕೂ, ತೋಳು ಊದಿಕೊಳ್ಳುವ ತೊಂದರೆಯ ಚಿಕಿತ್ಸೆಗೂ ಕೊಡಬೇಕು. ಆಸ್ಟ್ರೇಲಿಯಾ ಸರ್ಕಾರ 2008ರಿಂದ ಎರಡು ವರ್ಷಕ್ಕೊಮ್ಮೆ, ಒಂದು ಕೃತಕ ಸ್ತನಕ್ಕೆ 400 ಡಾಲರ್‌ವರೆಗೆ ಮರಳಿಸುವ ಏರ್ಪಾಡು ಮಾಡಿತು.

ನಮ್ಮಲ್ಲಿ ಕಥೆ ಬೇರೆ ಕಡೆ ತಿರುಗಿತು. 1986ರಲ್ಲಿ ನಾಲ್ಕು ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದಾಗ ಅದರ ಕಂಬವೇ ಆಸ್ಪತ್ರೆ ವಾಸ. 24 ಗಂಟೆ ದಾಖಲಾಗಬೇಕು. ದಾಖಲಾತಿಗೆ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನದ ಖರ್ಚು ಸೇರುತ್ತದೆ. ಬಿಲ್ಲನ್ನು ಪರಿಶೀಲಿಸುವುದು ಸುಲಭ, ಮೋಸಕ್ಕೆ ಜಾಗ ಕಡಿಮೆ ಎಂಬ ಕಾರಣಕ್ಕೆ ಈ ಚೌಕಟ್ಟು ಆಗ ಸರಿಯೇ ಇತ್ತು. 2020ರ ಏಪ್ರಿಲ್‌ನಿಂದ ಕಂಪನಿಗಳೆಲ್ಲ ಮಾರಲೇಬೇಕಾದ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಅದೇ 30, ಅದೇ 60. ಈಗ ರೋಗಿಯ ಕ್ಯಾಲೆಂಡರ್ ನೋಡಿ. ಗಾಯ ಮಾಗುವವರೆಗೆ ಹಗುರವಾದ ಬಟ್ಟೆಯ ಸ್ತನವನ್ನಷ್ಟೇ ತೊಡಬಹುದು. ಭಾರದ ಸಿಲಿಕೋನ್ ಸ್ತನದ ಅಳತೆ ಕೊಡುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರದ ಮೇಲೆ. ವಿಕಿರಣ ಚಿಕಿತ್ಸೆ ಇದ್ದರೆ ಚರ್ಮ ಸುಧಾರಿಸಲು ಇನ್ನೂ ಸಮಯ ಬೇಕು. ದೇಹ ಸಿದ್ಧವಾಗುವ ಹೊತ್ತಿಗೆ ಪಾಲಿಸಿಯ ಬಾಗಿಲು ಮುಚ್ಚುತ್ತಿರುತ್ತದೆ, ಇಲ್ಲವೇ ಮುಚ್ಚಿರುತ್ತದೆ.

ಬಾಗಿಲು ತೆರೆದಿದ್ದರೂ ಒಳಗೆ ಇನ್ನೊಂದು ಅಗುಳಿ ಇದೆ. ಶಸ್ತ್ರಚಿಕಿತ್ಸೆ ನಡೆಯುವಾಗ ದೇಹಕ್ಕೆ ಬೇಕಾಗದ ಕೃತಕ ಅಂಗ, ಸಾಧನ, ಉಪಕರಣಗಳಿಗೆ ಹಣವಿಲ್ಲ ಎಂಬ ಸಾಲು ಹಲವು ಪಾಲಿಸಿಗಳಲ್ಲಿದೆ. ಇದೇ ಪಾಲಿಸಿಗಳು 2019ರ ಸೆಪ್ಟೆಂಬರ್ 27ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಏಕರೂಪದ ಹೊರಗಿಡುವಿಕೆ ನಿಯಮಗಳಿಗೂ ಬದ್ಧ. ಅದರ ಎಂಟನೆಯ ನಿಯಮ ಹೇಳುವುದೇನು? ರೂಪ ಬದಲಿಸುವ ಚಿಕಿತ್ಸೆಗೆ ಹಣವಿಲ್ಲ. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣಕ್ಕೆ ಈ ನಿರ್ಬಂಧ ಇಲ್ಲ. ಅಂದರೆ ಕ್ಯಾನ್ಸರ್ ಕಿತ್ತುಕೊಂಡ ಆಕಾರವನ್ನು ಮರಳಿ ಕೊಡುವುದು ಅಲಂಕಾರವಲ್ಲವೆಂದು ಪ್ರಾಧಿಕಾರವೇ ಒಪ್ಪಿದೆ. ಹಾಗಿದ್ದ ಮೇಲೆ ಅದೇ ಸಿಲಿಕೋನ್ ಚರ್ಮದ ಒಳಗಿದ್ದರೆ ಚಿಕಿತ್ಸೆ, ಹೊರಗಿದ್ದರೆ ಸ್ವಂತ ಖರ್ಚು ಎನ್ನುವುದಕ್ಕೆ ಏನು ನ್ಯಾಯ? ಈ ಭೇದದ ಹೊರೆ ಬೀಳುವುದು ವಯಸ್ಸಾದವರ ಮೇಲೆ, ಸಕ್ಕರೆ ಕಾಯಿಲೆ ಇರುವವರ ಮೇಲೆ, ಇನ್ನೊಂದು ಶಸ್ತ್ರಚಿಕಿತ್ಸೆ ತಾಳಲಾರದವರ ಮೇಲೆ. ಕಡಿಮೆ ಖರ್ಚಿನ ದಾರಿ ಹಿಡಿದವಳಿಗೇ ದಂಡ ಬಿದ್ದಂತಾಯಿತು.

ಇದಕ್ಕೆ ವಿಮಾ ಕಂಪನಿಗಳ ಕಡೆಯಿಂದ ಉತ್ತರಗಳಿವೆ, ತಳ್ಳಿಹಾಕುವಂಥವಲ್ಲ. ಬಟ್ಟೆಬರೆಗೆಲ್ಲ ಹಣ ಕೊಡುತ್ತ ಹೋದರೆ ಪ್ರೀಮಿಯಂ ಏರುತ್ತದೆ, ಬೇಕಾಬಿಟ್ಟಿ ಬಿಲ್ಲುಗಳು ಬರುತ್ತವೆ ಎಂಬುದು ಮೊದಲನೆಯದು. ಆದರೆ ಬ್ರಾ ಸಿಗುತ್ತದೆಂದು ಯಾರೂ ಸ್ತನ ತೆಗೆಸಿಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆಯ ದಾಖಲೆ ಕಂಪನಿಯ ಕಡತದಲ್ಲೇ ಇರುತ್ತದೆ. ಆಸ್ಟ್ರೇಲಿಯಾದಂತೆ ಮೊತ್ತಕ್ಕೂ ಅವಧಿಗೂ ಮಿತಿ ಹಾಕಿದರೆ ದುರುಪಯೋಗಕ್ಕೆ ಎಡೆ ಇರದು. ಇನ್ನು ಇದು ಬಟ್ಟೆಯೆಂಬ ವಾದ. ದೇಹದ ಕೃತಕ ಭಾಗಗಳನ್ನು, ಕೊರತೆ ತುಂಬಲು ಮೈಮೇಲೆ ತೊಡುವ ಸಾಧನಗಳನ್ನು ಜಿಎಸ್‌ಟಿ ಪಟ್ಟಿ ದೇಹದೊಳಗೆ ಅಳವಡಿಸುವ ಸಾಧನಗಳ ಜೊತೆ ಒಂದೇ ಸಾಲಿನಲ್ಲಿಟ್ಟಿದೆ. 2022ರ ಜುಲೈ 18ರಿಂದ ಅವುಗಳ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಇಲಾಖೆ ಕಾಣದ ಭೇದ ವಿಮೆಗೆ ಏಕೆ ಕಾಣಬೇಕು?

ಗಂಭೀರ ಕಾಯಿಲೆಯ ಪಾಲಿಸಿ ಇಡುಗಂಟು ಕೊಡುತ್ತದಲ್ಲ, ಅದರಲ್ಲಿ ಕೊಳ್ಳಲಿ ಎನ್ನುವವರೂ ಇದ್ದಾರೆ. ಆ ಪಾಲಿಸಿಗಳ ಪ್ರಮಾಣಿತ ವ್ಯಾಖ್ಯೆ, ಹುಟ್ಟಿದ ಜಾಗದಿಂದಾಚೆ ಹರಡದ ಆರಂಭಿಕ ಕ್ಯಾನ್ಸರನ್ನು ಹೊರಗಿಡುತ್ತದೆ. ಆ ಹಂತದಲ್ಲೂ ಕೆಲವರಿಗೆ ಇಡೀ ಸ್ತನ ತೆಗೆಯಬೇಕಾಗುತ್ತದೆ. ಬೇಗ ಪತ್ತೆಯಾದ ತಪ್ಪಿಗೆ ಅವರಿಗೆ ಇಡುಗಂಟೂ ಇಲ್ಲ. ಸೇವಾಸಂಸ್ಥೆಗಳು ಪುಕ್ಕಟೆ ಕೊಡುತ್ತವಲ್ಲ ಎಂಬುದು ಕೊನೆಯ ಮಾತು. ಮುಂಬೈನ ನಿಟೆಡ್ ನಾಕರ್ಸ್ ಇಂಡಿಯಾದ ಹೆಂಗಸರು ಹತ್ತಿ ನೂಲಿನಲ್ಲಿ ಹೆಣೆದು ಹಂಚುವ ಹಗುರ ಸ್ತನಗಳು ನಿಜಕ್ಕೂ ದೊಡ್ಡ ಉಪಕಾರ, ನಮ್ಮ ಸೆಕೆಗೆ ಹಲವರಿಗೆ ಅವೇ ಹಿತ. ಆದರೆ ವರ್ಷ ವರ್ಷ ಪ್ರೀಮಿಯಂ ಕಟ್ಟಿದವಳು ದಾನದ ಸಾಲಿನಲ್ಲಿ ನಿಲ್ಲಬೇಕೆನ್ನುವುದು ವಿಮೆಯ ಧರ್ಮವಲ್ಲ. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಗಿದೆಯೆಂಬ ಅಂದಾಜಿರುವಾಗ ಇದನ್ನು ಚಿಲ್ಲರೆ ವಿಷಯವೆಂದು ಬಿಡುವಂತಿಲ್ಲ.

ಪ್ರಾಧಿಕಾರ ಮಾಡಬೇಕಾದದ್ದು ಇಷ್ಟೇ: ಎಂಟನೆಯ ನಿಯಮದ 'ಪುನರ್‌ನಿರ್ಮಾಣ'ದಲ್ಲಿ ಹೊರಗೆ ತೊಡುವ ಕೃತಕ ಸ್ತನ, ಅದರ ಬ್ರಾ ಎರಡೂ ಸೇರಿವೆಯೆಂದು ಸ್ಪಷ್ಟಪಡಿಸಿ, ಅವುಗಳ ಮಟ್ಟಿಗೆ 60 ದಿನದ ಗಡುವನ್ನು ಒಂದು ವರ್ಷಕ್ಕಾದರೂ ವಿಸ್ತರಿಸಬೇಕು. ಅಲ್ಲಿಯವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಕೃತಕ ಸ್ತನ ಬೇಕೆಂದು ಸರ್ಜನ್ ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆಸಿಕೊಳ್ಳಿ, ಬಿಲ್ಲಿನ ಜೊತೆ ಆ ಚೀಟಿಯನ್ನೂ ಲಗತ್ತಿಸಿ ಕ್ಲೇಮು ಹಾಕಿ, ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮೊದಲು ಕಂಪನಿಗೇ ದೂರು ಕೊಡಿ. ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ಓಂಬುಡ್ಸ್‌ಮನ್ ಮುಂದೆ ಹೋಗಲು ಒಂದು ವರ್ಷ ಸಮಯವಿದೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.