ಅಜ್ಜನ ಬೀಡಿ, ಮೊಮ್ಮಗಳ ಉಸಿರು

ಗುರುಗಳೇ, ನಾಳೆ ವರ್ಗದಾಗ ಒಂದು ಪ್ರಶ್ನೆ ಕೇಳಿ ನೋಡಿ: "ಮನೆಯವರಿಗೆ ಬೀಡಿ, ಸಿಗರೇಟು, ತಂಬಾಕು ತರಲು ಅಂಗಡಿಗೆ ಹೋದವರು ಯಾರ‍್ಯಾರಿದ್ದೀರಿ?" ಶಾಲೆ ಸನಮಡಿಯದಿರಲಿ, ಉಮದಿಯದಿರಲಿ, ಮೇಲೇಳುವ ಕೈಗಳನ್ನು ಎಣಿಸಿ. ಪಾಠ ಅಲ್ಲಿಂದಲೇ ಶುರು ಮಾಡಬಹುದು.

"ನನ್ನ ಎದಿ, ನನ್ನ ಬೀಡಿ, ನಿನಗೇನು ತ್ರಾಸ?" ಅಂತ ಹಿರಿಯರು ಅನ್ನುವುದುಂಟು. ವಿಜ್ಞಾನ ಇದನ್ನು ಒಪ್ಪುವುದಿಲ್ಲ. ಜಪಾನಿನ ತಕೇಶಿ ಹಿರಾಯಾಮಾ ಎಂಬ ವೈದ್ಯರು ಧೂಮಪಾನ ಮಾಡದ 91,540 ಗೃಹಿಣಿಯರನ್ನು 14 ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿತ್ತು. ನಮ್ಮ ದೇಶದ 2016-17ರ ಸಮೀಕ್ಷೆ ನೋಡಿ: ವಯಸ್ಕರಲ್ಲಿ ಸೇದುವವರು ಶೇ. 10.7, ಮನೆಯಲ್ಲೇ ಬೇರೆಯವರ ಹೊಗೆ ಕುಡಿಯುವವರು ಶೇ. 38.7.

ಆ ಮನೆಯಲ್ಲಿ ಬಸುರಿ ಸೊಸೆ ಇದ್ದರೆ? ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಕೂಸಿಗೆ ಸಿಗಬೇಕಾದ ಆಮ್ಲಜನಕ ಅಷ್ಟು ಕಡಿಮೆಯಾಗುತ್ತದೆ. ನಿಕೋಟಿನ್ ಮಾಸು ದಾಟಿ ಕೂಸಿನ ರಕ್ತ ಸೇರುತ್ತದೆ. ಇನ್ನೊಂದು ಸಂಗತಿ ಕೇಳಿ. ಹೊಟ್ಟೆಯಲ್ಲಿರುವುದು ಹೆಣ್ಣುಕೂಸಾದರೆ, ಮುಂದೆ ಅವಳು ತಾಯಿಯಾಗಲು ಬೇಕಾದ ಅಂಡಕೋಶಗಳು ಅವಳು ಹುಟ್ಟುವ ಮೊದಲೇ ತಯಾರಾಗಿರುತ್ತವೆ. ಅಂದರೆ ಬಸುರಿಯ ದೇಹಕ್ಕೆ ಹೋದ ವಿಷಕ್ಕೆ ತಾಯಿ, ಮಗಳು, ಮೊಮ್ಮಗುವಿನ ಬೀಜ ಮೂರೂ ಒಮ್ಮೆಲೇ ಎದುರಾಗುತ್ತವೆ.

"ನಮ್ಮ ಹೆಣ್ಣುಮಕ್ಕಳು ಬೀಡಿ ಮುಟ್ಟೂದಿಲ್ಲ ಬಿಡ್ರಿ" ಅನ್ನಬಹುದು. ಹೌದು, ಆದರೆ ಮಿಶ್ರಿ? ತಂಬಾಕು ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಈ ರೂಢಿ ಮಹಾರಾಷ್ಟ್ರದಲ್ಲಿ ಹಳೆಯದು. ಮುಂಬೈಯಲ್ಲಿ 1,217 ಬಸುರಿಯರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕು ಬಳಸಿದ ತಾಯಂದಿರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಮೊದಲೇ ರಕ್ತ ಕಡಿಮೆ ಇರುವ ತಾಯಿಗೆ, ಮಳೆ ಕೈಕೊಡುವ ನಮ್ಮ ಜತ್ತ ಸೀಮೆಯಲ್ಲಿ, 105 ಗ್ರಾಂ ಸಣ್ಣದಲ್ಲ.

ಗಣಿತದ ತಾಸಿನಲ್ಲೂ ಇದನ್ನು ತರಬಹುದು. ದಿನಕ್ಕೆ 20 ರೂಪಾಯಿ ತಂಬಾಕಿಗೆ ಹೋದರೆ ವರ್ಷಕ್ಕೆ 7,300. 30 ವರ್ಷಕ್ಕೆ 2,19,000. ಆ ರೊಕ್ಕದಾಗ ಏನೇನು ಬರುತ್ತಿತ್ತು ಎಂದು ಮಕ್ಕಳೇ ಪಟ್ಟಿ ಮಾಡಲಿ. ಆದರೆ ಮಗುವಿನ ಮುಂದೆ ಅವರಪ್ಪನನ್ನು ಬಯ್ಯಬೇಡಿ. ಚಟ ಹಿಡಿಸಿದ್ದು ನಿಕೋಟಿನ್, ಅವನು ಕೆಟ್ಟವನೆಂದಲ್ಲ.

ಬಿಟ್ಟರೆ ಲಾಭ ಖಂಡಿತ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ಅಧ್ಯಯನದ ಪ್ರಕಾರ, ಸೇದುವವರ ಆಯುಷ್ಯ ಸುಮಾರು 10 ವರ್ಷ ಕಡಿಮೆ. 40ಕ್ಕೆ ಬಿಟ್ಟವರಿಗೆ ಸುಮಾರು 9 ವರ್ಷ, 60ಕ್ಕೆ ಬಿಟ್ಟವರಿಗೂ ಸುಮಾರು 3 ವರ್ಷ ಮರಳಿ ಸಿಕ್ಕಿತು. "ಇನ್ನೇನು ವಯಸ್ಸಾತು" ಅನ್ನುವ ಅಜ್ಜನಿಗೆ ಈ ಲೆಕ್ಕ ಹೇಳಿ. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆಯನ್ನು ಶಾಲೆಯ ಫಲಕದ ಮೇಲೆ ಬರೆಸಿ.

ಕೊನೆಗೆ ಕಾನೂನು. 2003ರ ಕಾಯ್ದೆಯಂತೆ 18 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯಿಂದ 100 ಗಜದೊಳಗೆ ಅಂಗಡಿಯಲ್ಲಿ ಅದನ್ನು ಇಡುವಂತೆಯೂ ಇಲ್ಲ. ಮುಂದಿನ ಪಾಲಕರ ಸಭೆಯಲ್ಲಿ ಒಂದೇ ಮಾತು ಕೇಳಿಕೊಳ್ಳಿ: "ನೀವು ಬಿಡೂತನಕಾ ಬಿಡ್ರಿ, ಆದ್ರ ಹುಡುಗರನ್ನ ಅಂಗಡಿಗೆ ಕಳಸಬ್ಯಾಡ್ರಿ, ಮನಿಯೊಳಗ ಸೇದಬ್ಯಾಡ್ರಿ." ಇಷ್ಟು ನಡೆದರೂ ಒಂದು ತಲೆಮಾರು ಉಳಿದಂತೆ.