ಒಂದೇ ಮನೆಯ ಹೆಸರುಗಳು

ಕಳೆದ ಶ್ರಾವಣದಲ್ಲಿ ನಮ್ಮಕ್ಕನಿಗೆ ಮೂರನೆಯ ಮಗು ಹುಟ್ಟಿತು, ಮೂರನೆಯದೂ ಹೆಣ್ಣು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಹೆಸರು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತು. “ನೀನು ಓದಿದವಳು. ದೊಡ್ಡ ಮಕ್ಕಳ ಹೆಸರಿಗೆ ಹೊಂದೋ ಹಂಗೆ ಒಂದು ಹೇಳಮ್ಮ” ಎಂದರು ಭಾವ. ಹಿರಿಯವಳು ಸಹನಾ, ಎರಡನೆಯವಳು ಸಿಂಚನಾ. ಬಿ.ಎ. ತರಗತಿಯಲ್ಲಿ ಮೂರು ವರ್ಷ ಓದಿದ್ದು ಇಂಥ ಕೆಲಸಕ್ಕೆ ಏನೂ ಉಪಯೋಗವಿಲ್ಲವೆಂದು ಮೊದಲು ತೋರಿತು. ಹನ್ನೊಂದು ದಿನ ತಲೆ ಕೆಡಿಸಿಕೊಂಡ ಮೇಲೆ, ಸ್ವಲ್ಪ ಉಪಯೋಗವಾಯಿತೆಂದು ಈಗ ತೋರುತ್ತಿದೆ. ಆ ಯೋಚನೆಗಳನ್ನೇ ವಾಚಕರ ಮುಂದಿಡುತ್ತೇನೆ.

ಹೊಂದುವ ಹೆಸರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಪ್ರಾಸ. ನಾನೂ ನೋಟ್‌ಬುಕ್ಕಿನಲ್ಲಿ ಚಂದನಾ, ಸ್ಪಂದನಾ, ಭಾವನಾ, ರಚನಾ, ಅರ್ಚನಾ ಎಂದು ಒಂದು ಪುಟ ತುಂಬಿಸಿದೆ. ಈ ಹೆಸರುಗಳಲ್ಲಿ ಒಂದು ಸ್ವಾರಸ್ಯವಿದೆ. ಸಂಸ್ಕೃತದ ಆಕಾರಾಂತ ಶಬ್ದಗಳು ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಎಕಾರಾಂತವಾಗುತ್ತವೆ: ರಚನೆ, ಭಾವನೆ, ಅರ್ಚನೆ. “ಭಾವನೆಗೆ ಬೆಲೆ ಕೊಡಿ” ಎನ್ನುವ ನಾವು ಮಗುವನ್ನು ಮಾತ್ರ ಭಾವನಾ ಎಂದೇ ಕರೆಯುತ್ತೇವೆ. ಚಂದನ, ಸ್ಪಂದನ, ಸಿಂಚನ ಇವು ಮೂಲದಲ್ಲಿ ನಪುಂಸಕಲಿಂಗದವು. ಕೊನೆಗೊಂದು ದೀರ್ಘ ಕೊಟ್ಟು ನಾವೇ ಅವನ್ನು ಹೆಣ್ಣಾಗಿಸಿದ್ದೇವೆ. ಇರಲಿ. ಪ್ರಾಸದ ಹುಚ್ಚು ಹತ್ತಿದರೆ ಅರ್ಥ ಹಿಂದೆ ಬೀಳುತ್ತದೆಂಬುದೇ ನಿಜವಾದ ತೊಂದರೆ. ನೆಂಟರೊಬ್ಬರು ಬಹಳ ಉತ್ಸಾಹದಿಂದ “ಯಾಚನಾ” ಎಂದರು. ಯಾಚನೆ ಎಂದರೆ ಬೇಡುವುದೆಂದು ನಾನು ತಿಳಿಸಬೇಕಾಯಿತು. ಹಾಗೆ ನೋಡಿದರೆ ವಂಚನಾ, ಯಾತನಾ ಎಂಬುವೂ ಕಿವಿಗೆ ಇಂಪಾಗಿಯೇ ಇವೆ!

ನಮ್ಮ ಪುರಾಣಕರ್ತರಿಗೆ ಈ ಹುಚ್ಚು ಅಷ್ಟಾಗಿ ಇರಲಿಲ್ಲ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಈ ನಾಲ್ಕರಲ್ಲಿ ಪ್ರಾಸವೂ ಇಲ್ಲ, ಒಂದೇ ಮೊದಲಕ್ಷರವೂ ಇಲ್ಲ. ಆದರೂ ಒಂದೇ ಮನೆಯ ಮಕ್ಕಳೆಂದು ಕೇಳಿದೊಡನೆ ತಿಳಿಯುತ್ತದೆ. ಒಂದೇ ಅಕ್ಷರದ ಮೇಲೆ ಮೋಹವಿದ್ದದ್ದು ಧೃತರಾಷ್ಟ್ರನ ಮನೆಯಲ್ಲಿ: ದುರ್ಯೋಧನ, ದುಶ್ಶಾಸನ, ದುಸ್ಸಹ, ಒಬ್ಬಳೇ ತಂಗಿ ದುಶ್ಶಲೆ. ಕಾಶೀರಾಜನ ಮಕ್ಕಳು ಅಂಬೆ, ಅಂಬಿಕೆ, ಅಂಬಾಲಿಕೆ. ಪಾಂಡುವನ್ನು ಅಂಬಿಕೆಯ ಮಗನೆಂದು ಬರೆದು ಕಿರುಪರೀಕ್ಷೆಯಲ್ಲಿ ಅಂಕ ಕಳೆದುಕೊಂಡವಳು ನಾನೇ. ಇನ್ನು 1336ರಲ್ಲಿ ವಿಜಯನಗರ ಸ್ಥಾಪಿಸಿದ ಸಂಗಮನ ಮಕ್ಕಳನ್ನು ನಾವೆಲ್ಲ ಹಕ್ಕ-ಬುಕ್ಕ ಎಂದು ಜೋಡಿಯಾಗಿ ಕಲಿತಿದ್ದೇವೆ. ಶಾಸನಗಳಲ್ಲಿ ಹಿರಿಯವನು ಹರಿಹರ. ಉಳಿದ ಸಹೋದರರು ಕಂಪಣ, ಮಾರಪ್ಪ, ಮುದ್ದಪ್ಪ. ಜನರ ನಾಲಗೆಯೇ ತನಗೆ ಬೇಕಾದ ಪ್ರಾಸವನ್ನು ಆಮೇಲೆ ಮಾಡಿಕೊಂಡಿತೆಂದು ನನಗನ್ನಿಸುತ್ತದೆ.

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಆಮೇಲೆ ಮನೆದೇವರ ಹೆಸರು. ಮಕ್ಕಳ ಹೆಸರುಗಳು ಹೊಂದಬೇಕಾಗಿದ್ದುದು ಹಿರಿಯರೊಡನೆಯೇ ಹೊರತು ಪರಸ್ಪರ ಅಲ್ಲ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿರಲಿಲ್ಲವಾದ್ದರಿಂದ ಆ ಮಗುವಿಗೆ ಪುಟ್ಟ, ಅಪ್ಪಯ್ಯ ಎಂದು ಕರೆಯುವ ಹೆಸರೊಂದು ಬೇರೆ. ಜೋಯಿಸರ ಲೆಕ್ಕವೂ ಅಣ್ಣತಮ್ಮಂದಿರನ್ನು ಕೇಳುವುದಿಲ್ಲ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಯಾವ ಪಾದದಲ್ಲಿ ಹುಟ್ಟಿದರೆ ಆ ಅಕ್ಷರ. ಆರ್ದ್ರೆಯ ಮೂರನೆಯ ಪಾದಕ್ಕೆ ‘ಙ’ ಬರುತ್ತದೆ. ಅದರಿಂದ ಆರಂಭವಾಗುವ ಹೆಸರನ್ನು ಯಾರಾದರೂ ಹೇಳಿದರೆ ನಾನು ಋಣಿ.

ಈಗಿನ ಕಾಲಕ್ಕೆ ಕಾಗದಪತ್ರದ ತಾಪತ್ರಯ ಬೇರೆ ಇದೆ. ನಮ್ಮ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಡುವುದರಿಂದ ಒಡಹುಟ್ಟಿದವರಿಗೆ ಅವೆಲ್ಲ ಒಂದೇ. ಹೆಸರಿನ ಮೊದಲಕ್ಷರವೂ ಒಂದೇ ಆಗಿಬಿಟ್ಟರೆ ಗುರುತು ಹಿಡಿಯುವುದು ಕಷ್ಟ. ಸಹನಾ, ಸಿಂಚನಾ ಇಬ್ಬರದೂ ‘ಸ’. ಒಮ್ಮೆ ಲಸಿಕೆಯ ಕಾರ್ಡುಗಳು ಅದಲುಬದಲಾಗಿ, ಒಬ್ಬಳಿಗೆ ಹಾಕಬೇಕಾದ ಚುಚ್ಚುಮದ್ದು ಇನ್ನೊಬ್ಬಳಿಗೆ ಬೀಳುವುದರಲ್ಲಿತ್ತು. ಅಕ್ಕ ಸಮಯಕ್ಕೆ ನೋಡಿದ್ದರಿಂದ ತಪ್ಪಿತು. 1969ರ ಜನನ-ಮರಣ ನೋಂದಣಿ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರನ್ನು ಆಮೇಲೂ ಸೇರಿಸಬಹುದು; ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲ. ಹಿಂದೆ ಹೆಸರನ್ನೂ ಹುಟ್ಟಿದ ತಾರೀಖನ್ನೂ ಶಾಲೆಗೆ ಸೇರಿಸುವ ದಿನ ಮೇಷ್ಟ್ರೇ ನಿರ್ಧರಿಸಿಬಿಡುತ್ತಿದ್ದರು. ಅರ್ಧ ಊರು ಜೂನ್ 1ರಂದೇ ಹುಟ್ಟಿದ್ದು ಹಾಗೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ನೌಕರಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಒಮ್ಮೆ ಬರೆಸಿದ್ದು ಸುಲಭವಾಗಿ ಹೋಗುವುದಿಲ್ಲ.

ಇಷ್ಟು ಹೇಳಿದರೂ ಅಸಲು ವಿಷಯಕ್ಕೆ ಇನ್ನೂ ಬಂದಿಲ್ಲ. ಒಂಬತ್ತನೆಯ ದಿನ, ಬಾಣಂತನಕ್ಕೆಂದು ಬಂದಿದ್ದ ನಮ್ಮಮ್ಮನ ತಾಯಿ ಎಲ್ಲರ ಮುಂದೆ, “ಸಾಕಮ್ಮ ಅಂತ ಇಟ್ಬಿಡಿ, ಮುಂದಿಂದು ಗಂಡಾಯ್ತದೆ” ಎಂದರು. ಹೆಣ್ಣುಮಕ್ಕಳು ಸಾಕೆಂದು ಹೆಸರಿನಲ್ಲಿಯೇ ದೇವರಿಗೆ ತಿಳಿಸುವ ಈ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ತನ್ನ ಮೂರನೆಯ ಮಗಳಿಗೂ ಅಜ್ಜಿ ಅದೇ ಹೆಸರಿಟ್ಟಿದ್ದರು. ಅವಳ ಬೆನ್ನಿಗೆ ಹುಟ್ಟಿದ್ದು ಮತ್ತೊಂದು ಹೆಣ್ಣೇ ಎಂಬುದು ಅವರಿಗೆ ಆಗ ನೆನಪಿರಲಿಲ್ಲವೋ, ನೆನಪು ಬೇಡವಾಗಿತ್ತೋ ತಿಳಿಯದು.

ಸಾಕಮ್ಮ ಚಿಕ್ಕಮ್ಮ ಅಲ್ಲಿಯೇ ಕುಳಿತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ತಲೆಯೆತ್ತದೆ ನನಗೆ ಮಾತ್ರ ಕೇಳುವಂತೆ, “ಅಕ್ಕದೀರು ಗೌರಮ್ಮ, ಲಕ್ಷ್ಮಮ್ಮ, ತಂಗಿ ಪಾರ್ವತಮ್ಮ. ಅವರಿಗೆಲ್ಲ ದೇವರ ಹೆಸರು, ನನಗೊಬ್ಬಳಿಗೆ ಲೆಕ್ಕದ ಹೆಸರು. ಈ ಮಗೀಗೆ ಬ್ಯಾಡ ಕಣವ್ವ” ಎಂದಳು.

ಹೊಂದುವ ಹೆಸರೆಂದರೇನೆಂದು ನನಗೆ ಆಗಲೇ ತಿಳಿದದ್ದು. ಸಾಕಮ್ಮ ಎಂಬ ಹೆಸರಿನಲ್ಲಿ ಕೆಡುಕೇನೂ ಇಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿಯ ಕಾರ್ಖಾನೆ ನಡೆಸಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಕುಳಿತಿದ್ದ ಮಹಿಳೆಯ ಹೆಸರು ಸಾಕಮ್ಮ. ‘ಸಾಕು’ ಎಂಬುದಕ್ಕೆ ನಮ್ಮ ಭಾಷೆಯಲ್ಲಿ ಎರಡರ್ಥ: ಇನ್ನು ಬೇಡ ಎಂಬುದೊಂದು, ಪೊರೆ ಎಂಬುದೊಂದು. ಎರಡನೆಯ ಅರ್ಥ ಹಿಡಿದರೆ ಅದು ದೊಡ್ಡ ಹೆಸರೇ. ನಮ್ಮ ಅಜ್ಜಿ ಈಗ ಇರುವುದೂ ಆ ಚಿಕ್ಕಮ್ಮನ ಮನೆಯಲ್ಲಿಯೇ. ಆದರೆ ಗೌರಮ್ಮ, ಲಕ್ಷ್ಮಮ್ಮ, ಪಾರ್ವತಮ್ಮ ಎಂಬುವುಗಳ ಜೊತೆಗಿಟ್ಟಾಗ ಅದಕ್ಕೆ ಉಳಿಯುವುದು ಮೊದಲನೆಯ ಅರ್ಥವೊಂದೇ. ಚುಚ್ಚುವುದು ಹೆಸರಲ್ಲ, ಪಕ್ಕದ ಹೆಸರುಗಳು.

ತಿಪ್ಪ, ಗುಂಡ, ಕಲ್ಲ ಎಂಬ ಹೆಸರುಗಳನ್ನು ಇದರೊಡನೆ ಸೇರಿಸಬಾರದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪ ಎಂದು ಕರೆಯುತ್ತಿದ್ದುದು, ಸಾವಿನ ಕಣ್ಣು ಅದರ ಮೇಲೆ ಬೀಳದಿರಲೆಂದು. ಅಲ್ಲಿ ಹೆಸರು ಕೀಳು, ಆಸೆ ದೊಡ್ಡದು. (ತಿಪ್ಪೇಸ್ವಾಮಿಗಳೆಲ್ಲ ಹೀಗೆ ಬಂದವರಲ್ಲ; ಚಿತ್ರದುರ್ಗದ ಕಡೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿಡುವುದು ಭಕ್ತಿಯಿಂದ.) ಸಾಕಮ್ಮನ ಕಥೆ ಅದಲ್ಲ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕೆ ‘ನಕುಶಾ’ ಎನ್ನುತ್ತಾರೆ, ಬೇಡವಾದವಳು ಎಂದರ್ಥ. ಸಾತಾರಾ ಜಿಲ್ಲೆಯಲ್ಲಿ 2011ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳು ಸಮಾರಂಭ ನಡೆಸಿ, ಅಂಥ ಹೆಸರಿದ್ದ 285 ಹುಡುಗಿಯರಿಗೆ ಅವರವರು ಬಯಸಿದ ಹೊಸ ಹೆಸರಿಟ್ಟರು. ಶಾಲೆಯಲ್ಲಿ ಪ್ರತಿದಿನ ಹಾಜರಿ ಕೂಗುವಾಗ “ಬೇಡವಾದವಳೇ” ಎಂದರೆ “ಇದ್ದೇನೆ” ಎನ್ನಬೇಕಾಗಿದ್ದ ಮಕ್ಕಳು ಅವರು.

ಆ ರಾತ್ರಿ ಪ್ರಾಸದ ಪುಟವನ್ನು ಹರಿದು ಹಾಕಿದೆ. ಮಗುವಿನ ನಕ್ಷತ್ರ ಅನೂರಾಧಾ, ನಾಲ್ಕನೆಯ ಪಾದ. ಅಕ್ಷರ ‘ನೆ’ ಅಥವಾ ‘ನೇ’. ಹಳಗನ್ನಡ ಪಾಠದಲ್ಲಿ ಸೂರ್ಯನಿಗೆ ‘ನೇಸರ್’ ಎಂದು ಓದಿದ್ದು ನೆನಪಾಯಿತು. ಸಹನಾ, ಸಿಂಚನಾ, ನೇಸರಾ. ಮೂರೂ ಮೂರಕ್ಷರದವು, ಪ್ರಾಸವಿಲ್ಲ, ಆದರೆ ನಡಿಗೆ ಒಂದೇ. ಬಾಗಿಲಲ್ಲಿ ನಿಂತು ಕೂಗಿದರೆ ಯಾರನ್ನು ಕರೆದರೆಂಬ ಗೊಂದಲವೂ ಇಲ್ಲ. ದೀರ್ಘ ಕೊಡುವ ತಪ್ಪನ್ನು ನಾನೂ ಮಾಡಿದೆ, ಅಧ್ಯಾಪಕರು ಮನ್ನಿಸಬೇಕು.

ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. “ಹಂಗಂದ್ರೆ ಏನೇ?” ಎಂದರು ಅಜ್ಜಿ. ನಾನು ಹೇಳುವ ಮೊದಲೇ ಸಾಕಮ್ಮ ಚಿಕ್ಕಮ್ಮ, “ಹೊತ್ತು ಕಣವ್ವ, ದಿನಾ ಹುಟ್ಟೋದು” ಎಂದಳು. ಅಜ್ಜಿ ಏನೂ ಅನ್ನದೆ ತೊಟ್ಟಿಲು ತೂಗಿದರು. ಮರುದಿನ ಭಾವ ಆ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಜನನ ಪ್ರಮಾಣಪತ್ರಕ್ಕೆ ಸೇರಿಸಲು ಹೋದರು.