ನಿದ್ರೆಯ ಮದ್ದು

ಹಸಿದವನಿಗೆ ಅನ್ನವಿತ್ತರೆ ಹಸಿವು ಇಂಗುತ್ತದೆ. ಬಾಯಾರಿದವನಿಗೆ ನೀರಿತ್ತರೆ ದಾಹ ತೀರುತ್ತದೆ. ಆದರೆ ನಿದ್ರೆ ಬಾರದವನಿಗೆ ನಿದ್ರೆಯನ್ನು ಯಾರೂ ಎತ್ತಿ ಕೊಡಲಾರರು. ಅದು ತಾನಾಗಿಯೇ ಬರಬೇಕು. ಬರಲೇಬೇಕೆಂದು ಹಟ ಹಿಡಿದಷ್ಟೂ ದೂರ ಸರಿಯುತ್ತದೆ. ಶರೀರವನ್ನು ಎತ್ತಿ ಹಿಡಿಯುವ ಮೂರು ಆಧಾರಗಳಲ್ಲಿ ಚರಕಸಂಹಿತೆಯು ಆಹಾರದೊಡನೆ ನಿದ್ರೆಯನ್ನೂ ಎಣಿಸುತ್ತದೆ. ನಿದ್ರೆಯನ್ನು ಗೆದ್ದವನೆಂದು ಅರ್ಜುನನಿಗೆ ಗುಡಾಕೇಶನೆಂಬ ಹೆಸರು ಬಂದಿತು. ನಿದ್ರೆಗೆ ಸೋತ ಕುಂಭಕರ್ಣನ ಕಥೆಯನ್ನು ಅರಿಯದ ಮಕ್ಕಳಿಲ್ಲ. ಇವರಿಬ್ಬರ ನಡುವೆ ಇರುವ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಏಳೆಂಟು ಗಂಟೆಗಳ ನಿದ್ರೆ ಬೇಕು. ಹದಿನಾಲ್ಕು ಹದಿನೈದರ ಪ್ರಾಯದವರಿಗೆ 8ರಿಂದ 10 ಗಂಟೆಗಳಷ್ಟು ಬೇಕು.

ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಇಷ್ಟು ನಿದ್ರೆ ಎಲ್ಲರಿಗೂ ದಕ್ಕುವುದಿಲ್ಲ. ದೀಪಾವಳಿಯ ಅನಂತರ ತಿರುಗಾಟಕ್ಕೆ ಹೊರಡುವ ಮಂದಾರ್ತಿ, ಮಾರಣಕಟ್ಟೆ ಮೊದಲಾದ ಮೇಳಗಳ ಕಲಾವಿದರು ಮೇ ತಿಂಗಳವರೆಗೂ ಊರಿಂದೂರಿಗೆ ಸಾಗುತ್ತ ರಾತ್ರಿ ಕುಣಿದು ಹಗಲು ಮಲಗುತ್ತಾರೆ. ಕಾಲಮಿತಿಯ ಆಟಗಳು ಬಂದ ಮೇಲೂ, ಚೌಕಿಯಲ್ಲಿ ವೇಷ ಕಳಚಿ ಬಣ್ಣ ತೆಗೆದು ಮಲಗುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ. ಬಡಗುತಿಟ್ಟಿನ ಮಂಡಿ ಕುಣಿತವು ನೋಡುವವರ ಕಣ್ಣಿಗೆ ಹಬ್ಬ. ಕುಣಿದವರ ಮೊಣಕಾಲಿಗೆ ಅದೇ ಬೇನೆ. ಗಂಗೊಳ್ಳಿಯ ಮೀನುಗಾರರು ಕಡಲಿನ ಹೊತ್ತನ್ನು ಅನುಸರಿಸುತ್ತಾರೆಯೇ ಹೊರತು ಗಡಿಯಾರದ ಹೊತ್ತನ್ನಲ್ಲ. ಮಳೆಗಾಲದ ಗದ್ದೆಯಲ್ಲಿ ದಿನವಿಡೀ ಬಾಗಿ ನಾಟಿ ಮಾಡುವ ಹೆಂಗಸರಿಗೂ, ಗೇರುಬೀಜದ ಕಾರ್ಖಾನೆಯಲ್ಲಿ ಕುಳಿತ ಭಂಗಿಯಲ್ಲೇ ದುಡಿಯುವವರಿಗೂ ರಾತ್ರಿ ಹಾಸಿಗೆಗೆ ಬೆನ್ನು ತಾಗಿಸಿದಾಗಲೇ ಸೊಂಟದ ನೋವು ನೆನಪಾಗುತ್ತದೆ.

ನೋವಿಗೂ ನಿದ್ರೆಗೂ ಇರುವ ನಂಟು ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳವಾದುದು. ನೋವಿದ್ದರೆ ನಿದ್ರೆ ಬಾರದೆಂಬುದು ಎಲ್ಲರೂ ಬಲ್ಲ ಮಾತು. ನಿದ್ರೆ ಕೆಟ್ಟರೆ ಇಲ್ಲದ ನೋವು ಹುಟ್ಟುತ್ತದೆ ಎಂಬುದು ಅಷ್ಟಾಗಿ ತಿಳಿಯದ ಮಾತು. ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಹಾರ್ವೆ ಮೊಲ್ಡೊಫ್‌ಸ್ಕಿ ಎಂಬ ವೈದ್ಯವಿಜ್ಞಾನಿ ಮತ್ತು ಅವನ ಸಂಗಡಿಗರು ಆರೋಗ್ಯವಂತ ವಿದ್ಯಾರ್ಥಿಗಳನ್ನು ಮಲಗಿಸಿ, ಅವರು ಗಾಢನಿದ್ರೆಗೆ ಇಳಿಯುವ ಹೊತ್ತಿಗೆ ಸರಿಯಾಗಿ ಸದ್ದು ಮಾಡಿ ಅದನ್ನು ಕೆಡಿಸುತ್ತ ಬಂದರು. ಕೆಲವೇ ರಾತ್ರಿಗಳಲ್ಲಿ ಆ ತರುಣರಿಗೆ ಮೈಕೈ ನೋವು ಕಾಣಿಸಿಕೊಂಡಿತು. ಸ್ನಾಯುಗಳನ್ನು ಮುಟ್ಟಿದರೆ ನೋಯುವಂತಾಯಿತು. ತಡೆಯಿಲ್ಲದೆ ಮಲಗಲು ಬಿಟ್ಟ ಮೇಲೆ ಅದು ಇಳಿಯಿತು. ಈ ಪ್ರಯೋಗದ ವರದಿ 1975ರಲ್ಲಿ ಪ್ರಕಟವಾಯಿತು. ಹೀಗೆ ನೋವು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ನೋವನ್ನು ಬೆಳೆಸುತ್ತದೆ. ಗಾಣದ ಎತ್ತಿನಂತೆ ರೋಗಿಯು ಒಂದೇ ಸುತ್ತಿನಲ್ಲಿ ತಿರುಗುತ್ತಾನೆ.

ಈ ಸುತ್ತಿನಿಂದ ಪಾರಾಗಲು ಮನುಷ್ಯನು ಮೊದಲು ಹುಡುಕುವುದು ಮದ್ದನ್ನು. ಅನೇಕ ಮನೆಗಳಲ್ಲಿ ಮಾತ್ರೆಯ ಖಾಲಿ ಪಟ್ಟಿಯನ್ನು ಹಿಡಿದು, ‘ಇಂಥದ್ದೇ ಕೊಡಿ’ ಎಂದು ಕೇಳಲು ಔಷಧದ ಅಂಗಡಿಗೆ ಹೋಗುವವರು ಶಾಲೆಗೆ ಹೋಗುವ ಮಕ್ಕಳೇ. ಆದ್ದರಿಂದ ಆ ಪಟ್ಟಿಯೊಳಗೆ ಏನಿದೆ, ಅದು ಏನು ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಉಚಿತ. ಇದಕ್ಕೆ ನಮ್ಮ ನಾಡಿನ ಗಿಡವೊಂದರ ಚರಿತ್ರೆಗಿಂತ ಒಳ್ಳೆಯ ಪ್ರವೇಶ ಬೇರೊಂದಿಲ್ಲ.

ಕೊಲ್ಲೂರಿನ ಬಳಿ ಹರಿಯುವ ಸೌಪರ್ಣಿಕಾ ನದಿಗೆ ಸುಪರ್ಣನ, ಎಂದರೆ ಗರುಡನ, ಹೆಸರು. ಕೊಡಚಾದ್ರಿಯ ಮೂಲಿಕೆಗಳ ಸಾರ ಅದರ ನೀರಿನಲ್ಲಿ ಬೆರೆತಿದೆಯೆಂದು ಯಾತ್ರಿಕರು ನಂಬುತ್ತಾರೆ. ಸಹ್ಯಾದ್ರಿಯ ತಪ್ಪಲಿನ ತೇವವುಳ್ಳ ಕಾಡುಗಳಲ್ಲಿ ಮರಗಳ ನೆರಳಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆಯುವ ಒಂದು ಗಿಡವಿದೆ. ಬಿಳಿ ಎಸಳಿನ, ಕೆಂಪು ತೊಟ್ಟಿನ ಹೂಗೊಂಚಲು ಅದರ ಗುರುತು. ಕನ್ನಡದಲ್ಲಿ ಅದನ್ನು ಸರ್ಪಗಂಧ, ಸೂತ್ರನಾಭಿ ಎಂದು ಕರೆಯುತ್ತಾರೆ. ಅದರ ಬೇರು ಕಹಿ. ಹಾವಿನ ವಿಷಕ್ಕೂ, ಉನ್ಮಾದಕ್ಕೂ, ನಿದ್ರೆ ಬಾರದಿರುವುದಕ್ಕೂ ನಾಟಿ ವೈದ್ಯರು ಅದನ್ನು ಬಳಸುತ್ತಿದ್ದರು. ಬಿಹಾರದಲ್ಲಿ ಅದಕ್ಕೆ ಹುಚ್ಚಿನ ಮದ್ದೆಂದೇ ಹೆಸರಿತ್ತು. ಹಾವಿನ ವಿಷಕ್ಕೆ ಅದು ಮದ್ದಲ್ಲ. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಮಾತಿನಲ್ಲಿ ಹುರುಳಿತ್ತು.

1931ರಲ್ಲಿ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರಿನ ಪುಡಿ ಉದ್ವಿಗ್ನ ರೋಗಿಗಳನ್ನು ಶಾಂತಗೊಳಿಸಿ ನಿದ್ರೆ ಬರಿಸುವುದನ್ನೂ, ರಕ್ತದ ಒತ್ತಡವನ್ನು ಇಳಿಸುವುದನ್ನೂ ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ತಮ್ಮ ರೋಗಿಗಳಲ್ಲಿ ಕಂಡ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಹೊರಜಗತ್ತು ಇತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಲೋಕದ ಮಾನಸಿಕ ಆಸ್ಪತ್ರೆಗಳಿಗೆಲ್ಲ ಅದು ಹರಡಿತು. ನಮ್ಮ ಕಾಡಿನ ಬೇರಿಗೆ ಇಂತಹ ಗೌರವ ದೊರೆತುದಕ್ಕೆ ಹೆಮ್ಮೆಪಡುವುದು ಸಹಜ.

ಆದರೆ ಕಥೆಯ ಉತ್ತರಾರ್ಧವನ್ನೂ ಓದಬೇಕು. ರಿಸರ್ಪಿನ್ ಸೇವಿಸಿದವರಲ್ಲಿ ಕೆಲವರು ದಿನೇ ದಿನೇ ಮಂಕಾದರು. ಯಾವುದರಲ್ಲೂ ಉತ್ಸಾಹವಿಲ್ಲದೆ ಕುಗ್ಗಿದರು. ಕೆಲವರಿಗೆ ಕೈಕಾಲುಗಳು ನಡುಗಿ ಬಿಗಿಯಾದವು. ಇದಕ್ಕೆ ಕಾರಣವೇನು? ನಮ್ಮ ನರತಂತುಗಳ ತುದಿಯಲ್ಲಿ ಸಣ್ಣ ಚೀಲಗಳಿವೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ರಾಸಾಯನಿಕಗಳು ಅವುಗಳಲ್ಲಿ ಸಂಗ್ರಹವಾಗಿರುತ್ತವೆ. ರಿಸರ್ಪಿನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ಸುದ್ದಿಗಾರರು ಕಡಿಮೆಯಾದಾಗ ಮಿದುಳು ಶಾಂತವಾಗುತ್ತದೆ, ನಿಜ; ಆದರೆ ಉಲ್ಲಾಸವನ್ನು ತರುವ ಮತ್ತು ಅಂಗಾಂಗಗಳನ್ನು ಚಲಿಸುವ ಸುದ್ದಿಗಳೂ ಅದೇ ದಾರಿಯಲ್ಲಿ ಬರಬೇಕಲ್ಲವೇ? ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟಾಗ ಅವು ಕುಳಿತಲ್ಲಿಂದ ಏಳಲಾರದಾದವು. ಎಲ್‌-ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಅವು ಎದ್ದು ಓಡಾಡಿದವು. ಪಾರ್ಕಿನ್‌ಸನ್ ಎಂಬ ನಡುಗುರೋಗದ ಚಿಕಿತ್ಸೆಗೆ ಈ ಪ್ರಯೋಗವೇ ಹಾದಿಯಾಯಿತು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಸಂದಿತು. ರಿಸರ್ಪಿನ್ ಮಾತ್ರ ನಿದ್ರೆಯ ಮದ್ದಾಗಿ ಉಳಿಯಲಿಲ್ಲ. ಬೇರಿಗಾಗಿ ಕಿತ್ತು ಕಿತ್ತು ಕಾಡಿನಲ್ಲಿ ಗಿಡವೂ ವಿರಳವಾಗಿ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಿದೆ. ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ ಎಂಬ ಮಾತು ಎಷ್ಟು ಸಡಿಲವಾದುದೆಂಬುದಕ್ಕೆ ಸರ್ಪಗಂಧವೇ ಸಾಕ್ಷಿ. ಗುಣ ಮಾಡುವ ಶಕ್ತಿಯಿರುವ ವಸ್ತುವಿಗೆ ಕೇಡು ಮಾಡುವ ಶಕ್ತಿಯೂ ಇರುತ್ತದೆ, ಅದು ಕಾಡಿನಿಂದ ಬರಲಿ, ಕಾರ್ಖಾನೆಯಿಂದ ಬರಲಿ.

ಕಾರ್ಖಾನೆಯಿಂದ ಬಂದ ಮದ್ದುಗಳ ಕಥೆಯೂ ಬೇರೆಯಲ್ಲ. 20ನೆಯ ಶತಮಾನದ ಮೊದಲರ್ಧದಲ್ಲಿ ಬಾರ್ಬಿಟುರೇಟ್ ಎಂಬ ವರ್ಗದ ಮಾತ್ರೆಗಳು ಬಳಕೆಯಲ್ಲಿದ್ದವು. ಅವು ಉಸಿರಾಟವನ್ನೇ ಕುಗ್ಗಿಸುತ್ತಿದ್ದುದರಿಂದ ಹಿಂದೆ ಸರಿದವು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ವೈದ್ಯರ ಚೀಟಿಯಿಲ್ಲದೆಯೇ ದೊರೆಯುವಷ್ಟು ನಿರಪಾಯವೆಂಬ ಘೋಷಣೆಯೊಡನೆ ಮಾರಾಟಕ್ಕೆ ಬಂದಿತು. ಗರ್ಭಿಣಿಯರೂ ಅದನ್ನು ಸೇವಿಸಿದರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ, ಹಲವು ದೇಶಗಳಲ್ಲಿ ಕೈಕಾಲುಗಳು ಬೆಳೆಯದ ಸಾವಿರಾರು ಶಿಶುಗಳು ಜನಿಸಿದ್ದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ ಸಾಕಷ್ಟು ಪುರಾವೆಯಿಲ್ಲವೆಂದು ಪರವಾನಗಿ ಕೊಡದೆ ತಡೆದುದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಕಡತವೊಂದಕ್ಕೆ ಸಹಿ ಹಾಕದಿರುವುದೂ ಲೋಕೋಪಕಾರವಾಗಬಲ್ಲದು!

1960ರಿಂದೀಚೆಗೆ ಬಂದ ಬೆಂಜೊಡಯಜೆಪಿನ್ ವರ್ಗದ ಮಾತ್ರೆಗಳು ಹಿಂದಿನವುಗಳಿಗಿಂತ ಸುರಕ್ಷಿತ. ವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಟ್ಟಾಗ ಉಪಯುಕ್ತವೂ ಹೌದು. ಆದರೆ ವಾರಗಟ್ಟಲೆ ಸೇವಿಸಿದರೆ ಮಿದುಳು ಅವಕ್ಕೆ ಒಗ್ಗಿಕೊಂಡು, ಅದೇ ಮಾತ್ರೆಗೆ ಮೊದಲಿನ ನಿದ್ರೆ ಬಾರದಾಗುತ್ತದೆ. ಆಗ ಫಕ್ಕನೆ ನಿಲ್ಲಿಸಿದರೂ ತೊಂದರೆ: ತಳಮಳ, ಮೊದಲಿಗಿಂತ ಹೆಚ್ಚಿನ ನಿದ್ರಾಹೀನತೆ, ಕೆಲವೊಮ್ಮೆ ಅಪಸ್ಮಾರ. ವೈದ್ಯರ ಕಣ್ಣೆದುರಿನಲ್ಲಿ ಮೆಲ್ಲಮೆಲ್ಲನೆ ಇಳಿಸಿಯೇ ಬಿಡಬೇಕು. ಮದ್ಯದೊಡನೆ ಸೇರಿದರಂತೂ ಇವು ಉಸಿರನ್ನು ಅಡಗಿಸಬಲ್ಲವು. ರಾತ್ರಿ ಮಾತ್ರೆ ನುಂಗಿದ ಮುದುಕರು ನಡುರಾತ್ರಿ ಬಚ್ಚಲಿಗೆ ಎದ್ದು ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ನೆಗಡಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳು ತೂಕಡಿಕೆ ತರುತ್ತವೆಂದು ನಿದ್ರೆಗಾಗಿ ನುಂಗುವವರೂ ಇದ್ದಾರೆ. ವಯಸ್ಸಾದವರಲ್ಲಿ ಅವು ಬುದ್ಧಿಭ್ರಮೆಯನ್ನೂ ಮೂತ್ರ ಕಟ್ಟುವುದನ್ನೂ ಉಂಟುಮಾಡಬಹುದು. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ ಎಂದು.

ನೋವಿನ ಮಾತ್ರೆಗಳ ವಿಷಯದಲ್ಲಿಯೂ ವಿವೇಚನೆ ಅಗತ್ಯ. ಊತವನ್ನು ಇಳಿಸುವ ಬಲವಾದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಗಳು ಕೆಡುತ್ತವೆ. ಪ್ಯಾರಾಸಿಟಮಾಲ್ ಅವುಗಳಿಗಿಂತ ಸೌಮ್ಯವಾದರೂ ಮಿತಿ ಮೀರಿದರೆ ಯಕೃತ್ತಿಗೆ ಮಾರಕ. ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳಲ್ಲಿ ಇದೇ ಔಷಧ ಅಡಗಿರುವುದೂ ಉಂಟು. ಹಾಗಿದ್ದರೂ, ನೋವೇ ನಿದ್ರೆಯನ್ನು ಕೆಡಿಸುತ್ತಿದ್ದಾಗ ಚಿಕಿತ್ಸೆ ಸಲ್ಲಬೇಕಾದುದು ನೋವಿಗೆ. ಬೇನೆಯನ್ನು ಹಾಗೆಯೇ ಬಿಟ್ಟು ನಿದ್ರೆಯ ಮಾತ್ರೆ ಕೊಡುವುದು ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರೆಸಿದಂತೆ. ಗಟ್ಟಿಯಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಿಗೆ ನಿದ್ರೆಯ ಮಾತ್ರೆ ಹಾನಿಯನ್ನೇ ಮಾಡಬಹುದು.

ಮನೆಮದ್ದುಗಳನ್ನು ಅಲ್ಲಗಳೆಯಬೇಕಾಗಿಲ್ಲ. ಗಸಗಸೆ ಪಾಯಸ ಉಂಡು ಮಧ್ಯಾಹ್ನ ಸೊಗಸಾಗಿ ಮಲಗಿದವರು ಅದರ ಪುಣ್ಯವನ್ನು ಗಸಗಸೆಗೆ ಕೊಡುತ್ತಾರೆ. ಬೆಲ್ಲ, ತೆಂಗಿನಹಾಲು, ತುಂಬಿದ ಹೊಟ್ಟೆಗಳಿಗೂ ಅದರಲ್ಲಿ ಪಾಲಿದೆ. ಹಾಲಿನಲ್ಲಿ ಚಿಟಿಕೆಯಷ್ಟು ಜಾಯಿಕಾಯಿ ತೇಯ್ದು ಕುಡಿಯುವ ವಾಡಿಕೆಯಿದೆ. ಚಿಟಿಕೆ ಮೀರಿದರೆ ಜಾಯಿಕಾಯಿಯೂ ವಿಷವೇ. ನಿಜಕ್ಕೂ ಮೆಚ್ಚತಕ್ಕದ್ದು ಕರಾವಳಿಯ ಹಂಡೆನೀರಿನ ಸ್ನಾನ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರು ಮಿಂದರೆ ನೆತ್ತರು ಚರ್ಮದತ್ತ ಹರಿದು ಶಾಖವನ್ನು ಹೊರಚೆಲ್ಲುತ್ತದೆ. ಬಳಿಕ ಒಡಲಿನ ಒಳತಾಪ ತುಸು ಇಳಿಯುತ್ತದೆ, ಮತ್ತು ಆ ಇಳಿತವೇ ನಿದ್ರೆಗೆ ಕರೆ. ನೊಂದ ಸ್ನಾಯುಗಳಿಗೂ ಅದು ಹಿತ.

ಹಾಗಾದರೆ ತಿಂಗಳುಗಳಿಂದ ನಿದ್ರೆ ಕೆಟ್ಟವರಿಗೆ ವೈದ್ಯಶಾಸ್ತ್ರ ಇಂದು ಮೊದಲು ಸೂಚಿಸುವುದು ಏನನ್ನು? ಮಾತ್ರೆಯನ್ನಲ್ಲ, ಅಭ್ಯಾಸಗಳ ಮರುಜೋಡಣೆಯನ್ನು. ಅಮೆರಿಕದ ವೈದ್ಯರ ಪ್ರಮುಖ ಸಂಘವೊಂದು 2016ರಲ್ಲಿ ವಯಸ್ಕರೆಲ್ಲರಿಗೂ ಇದನ್ನೇ ಮೊದಲ ಚಿಕಿತ್ಸೆಯಾಗಿ ಶಿಫಾರಸು ಮಾಡಿತು. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಹಾಸಿಗೆಯಲ್ಲಿ ನಿದ್ರೆಯ ಹೊರತು ಓದು, ಲೆಕ್ಕ, ಮೊಬೈಲು ಯಾವುದೂ ಸಲ್ಲದು. ಇಪ್ಪತ್ತು ನಿಮಿಷಗಳಷ್ಟು ಹೊತ್ತು ನಿದ್ರೆ ಹತ್ತದಿದ್ದರೆ ಎದ್ದು ಮಂದಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಸಂಜೆಯ ಕಾಫಿ ಬಿಡಬೇಕು; ಕುಡಿದ ಐದು ಗಂಟೆಗಳ ಅನಂತರವೂ ಅದರ ಕೆಫೀನಿನ ಸುಮಾರು ಅರ್ಧಭಾಗ ಮೈಯಲ್ಲಿ ಉಳಿದಿರುತ್ತದೆ. ಎಲ್ಲಕ್ಕಿಂತ ವಿಚಿತ್ರವಾದ ಸೂತ್ರವೆಂದರೆ ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡುವುದು. ಒಂಬತ್ತು ಗಂಟೆ ಮಲಗಿ ಆರು ಗಂಟೆ ಮಾತ್ರ ನಿದ್ರಿಸುವವನಿಗೆ ಆರು ಗಂಟೆಯ ಹಾಸಿಗೆಯನ್ನೇ ಗೊತ್ತುಮಾಡಿ, ನಿದ್ರೆ ಒತ್ತಾಗಿ ಕೂಡಿಕೊಂಡಂತೆ ಕಾಲು ಗಂಟೆ, ಅರ್ಧ ಗಂಟೆ ಹೆಚ್ಚಿಸುತ್ತ ಹೋಗುತ್ತಾರೆ. ಅಪಸ್ಮಾರ ಮುಂತಾದ ರೋಗವುಳ್ಳವರಿಗೆ ಇದು ಸಲ್ಲದ ಕಾರಣ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಹಗಲು ಮಲಗಬೇಕಾದ ಮೇಳದ ಕಲಾವಿದನಿಗೆ ಈ ವಿಧಾನವನ್ನು ತಿರುಗಿಸಿ ಹೊಂದಿಸಬೇಕಾಗುತ್ತದೆ. ಮಿದುಳಿನೊಳಗಿನ ಗಡಿಯಾರವು ಬೆಳಕನ್ನು ನೋಡಿ ಹೊತ್ತು ತಿಳಿಯುವುದರಿಂದ, ಆಟ ಮುಗಿಸಿ ಬಂದವನು ಬೆಳಗಿನ ಬಿಸಿಲಿಗೆ ಹೆಚ್ಚು ಒಡ್ಡಿಕೊಳ್ಳದೆ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದ ಕೋಣೆಯಲ್ಲಿ ದಿನವೂ ಅದೇ ಹೊತ್ತಿಗೆ ಮಲಗಬೇಕು. ಮನೆಯವರು ಆ ಹೊತ್ತನ್ನು ರಾತ್ರಿಯೆಂದೇ ಎಣಿಸಿ ಸದ್ದಡಗಿಸಬೇಕು. ಈ ಚಿಕಿತ್ಸೆಯ ಮೊದಲ ವಾರ ಕಷ್ಟದ್ದು. ತೂಕಡಿಕೆ ಹೆಚ್ಚುವುದರಿಂದ ಆ ದಿನಗಳಲ್ಲಿ ವಾಹನ ನಡೆಸುವುದೂ ದೋಣಿ ಏರುವುದೂ ಅಪಾಯ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಅದರ ಫಲ ಕಾಣುತ್ತದೆ. ಮಾತ್ರೆಯ ನಿದ್ರೆ ಮಾತ್ರೆ ನಿಂತೊಡನೆ ಹೋಗುತ್ತದೆ. ಹೀಗೆ ಬಂದ ನಿದ್ರೆಯಾದರೋ ಚಿಕಿತ್ಸೆ ಮುಗಿದು ತಿಂಗಳುಗಳು ಕಳೆದ ಮೇಲೂ ಬಹುಮಂದಿಯಲ್ಲಿ ಉಳಿದಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ.